ಉಪಾಯದ ನೂಡಲ್ಸ್, ಕೊಂಬು ಮೂಡಿದ ಪ್ರಜ್ಞೆ

ಚೀನಾದ ರೈಲು ನಿಲ್ದಾಣಗಳ ಅಂಗಡಿಗಳಲ್ಲಿ ಸಾಲುಸಾಲಾಗಿ ಕಪ್ ನೂಡಲ್ಸ್ ಜೋಡಿಸಿಟ್ಟಿರುತ್ತಾರೆ. ಬಿಸಿನೀರು ಹೊಯ್ದು ಒಂದೆರಡು ನಿಮಿಷ ಕಾದರೆ ಊಟ ಸಿದ್ಧ. ಅಲ್ಲಿನವರು ಅದನ್ನು ‘ಫಾಂಗ್‌ಬಿಯೆನ್ ಮಿಯೆನ್’ ಎನ್ನುತ್ತಾರೆ. ‘ಮಿಯೆನ್’ ಎಂದರೆ ನೂಡಲ್ಸ್, ‘ಫಾಂಗ್‌ಬಿಯೆನ್’ ಎಂದರೆ ಅನುಕೂಲ. ಈ ಹೆಸರಿನ ಮೊದಲೆರಡು ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವುದಾದರೂ ಬೌದ್ಧ ವಿಹಾರಕ್ಕೆ ಹೋಗಿ, ‘ಸದ್ಧರ್ಮಪುಂಡರೀಕ ಸೂತ್ರ’ದ ಚೀನೀ ಪ್ರತಿ ತೆರೆದರೆ ಎರಡನೆಯ ಅಧ್ಯಾಯದ ತಲೆಬರಹದಲ್ಲಿ ಅವೇ ಎರಡು ಅಕ್ಷರಗಳು ಎದುರಾಗುತ್ತವೆ. ಅಲ್ಲಿ ಅವುಗಳ ಅರ್ಥ ‘ಉಪಾಯ’.

ಉಪಾಯ ನಮಗೇನೂ ಹೊಸ ಮಾತಲ್ಲ. ಕನ್ನಡದಲ್ಲಿ ಅದಕ್ಕೆ ತುಸು ಕಿಲಾಡಿತನದ ಸೋಂಕೂ ಇದೆ. ಬೌದ್ಧರಲ್ಲಿ ಮಾತ್ರ ಅದು ಗಂಭೀರ ಪರಿಭಾಷೆ. ಕೇಳುವವನ ಅಳವಿಗೆ ತಕ್ಕಂತೆ ಬೋಧನೆಯನ್ನು ಹೊಂದಿಸುವ ಬುದ್ಧನ ಜಾಣ್ಮೆಗೆ ಉಪಾಯಕೌಶಲ್ಯ ಎಂದು ಹೆಸರು. ಅದೇ ಸೂತ್ರದ ಮೂರನೆಯ ಅಧ್ಯಾಯ ಇದನ್ನು ಕಥೆಯಾಗಿ ಹೇಳುತ್ತದೆ. ಮನೆ ಹೊತ್ತಿ ಉರಿಯುತ್ತಿದೆ, ಒಳಗೆ ಮಕ್ಕಳು ಆಟದಲ್ಲಿ ಮೈಮರೆತಿದ್ದಾರೆ. ಬೆಂಕಿ ಎಂದರೆ ಏನೆಂದೇ ಅವರಿಗೆ ಗೊತ್ತಿಲ್ಲ. ಹೊರಗೆ ಮೇಕೆಯ ಬಂಡಿ, ಜಿಂಕೆಯ ಬಂಡಿ, ಎತ್ತಿನ ಬಂಡಿ ತಂದಿಟ್ಟಿದ್ದೇನೆ, ಬನ್ನಿ ಎಂದು ತಂದೆ ಕೂಗುತ್ತಾನೆ. ಮಕ್ಕಳು ಓಡಿ ಬಂದು ಬದುಕಿಕೊಳ್ಳುತ್ತಾರೆ. ಕೊನೆಗೆ ಕೈಗೆ ಸಿಕ್ಕಿದ್ದು ಹೇಳಿದ ಬಂಡಿಗಳಲ್ಲ, ತಲೆಗೊಂದು ಭರ್ಜರಿ ಎತ್ತಿನ ಬಂಡಿ. ತಂದೆ ಸುಳ್ಳು ಹೇಳಿದಂತಾಯಿತೇ ಎಂದು ಬುದ್ಧ ಕೇಳಿದರೆ ಶಿಷ್ಯ ಶಾರಿಪುತ್ರ ಇಲ್ಲವೆನ್ನುತ್ತಾನೆ. ಜಪಾನೀಯರು ಇದೇ ಅಕ್ಷರಗಳನ್ನು ‘ಹೋಬೆನ್’ ಎಂದು ಓದುತ್ತಾರೆ. ಸುಳ್ಳೂ ಒಂದು ಹೋಬೆನ್ ಎಂಬ ಗಾದೆ ಅವರಲ್ಲಿ ಮನೆಮಾತು. ಅಲ್ಲಿ ಆ ಶಬ್ದ ಹೆಚ್ಚಾಗಿ ಉಳಿದಿರುವುದು ಈ ಗಾದೆಯಲ್ಲಿ, ಅದರ ಸುತ್ತಲಿನ ಮಾತುಗಳಲ್ಲಿ.

ಚೀನಾದಲ್ಲಿ ಅದು ವಿಹಾರದ ಹೊಸ್ತಿಲು ದಾಟಿ ಬೀದಿಗಿಳಿಯಿತು. ಸಂದರ್ಭಕ್ಕೆ ಒದಗುವ ದಾರಿ ಎಂಬುದು ಬರಬರುತ್ತಾ ಅನುಕೂಲ ಎಂದಾಯಿತು. ಅಲ್ಲಿಂದ ಮುಂದೆ, ಶೌಚಕ್ಕೆ ಹೋಗಿಬರುತ್ತೇನೆ ಎಂಬುದನ್ನು ನಾಜೂಕಾಗಿ ಹೇಳುವ ಮಾತೂ ಆಯಿತು. ಚೀನೀ ಕಲಿಯುವವರ ನಡುವೆ ಓಡಾಡುವ ಹಳೆಯ ಚಟಾಕಿಯೊಂದಿದೆ. ಊಟದ ನಡುವೆ ಎದ್ದ ಗೆಳೆಯನಿಂದ ಈ ಎರಡನೆಯ ಅರ್ಥ ಕಲಿತ ವಿದೇಶಿಯೊಬ್ಬನಿಗೆ, ನಿಮಗೆ ‘ಫಾಂಗ್‌ಬಿಯೆನ್’ ಆದಾಗ ಬಂದು ಕಾಣುತ್ತೇನೆ ಎಂದು ಒಬ್ಬಳು ಹೇಳುತ್ತಾಳೆ. ಆಗ ಮಾತ್ರ ಬೇಡ ಎಂದು ಅವನು ಗಾಬರಿಯಿಂದ ಕೈಮುಗಿಯುತ್ತಾನೆ. ಇನ್ನೊಂದು ತಮಾಷೆಯೆಂದರೆ, ಈ ದಿಢೀರ್ ನೂಡಲ್ಸನ್ನು 1958ರಲ್ಲಿ ಮಾರುಕಟ್ಟೆಗೆ ತಂದ ಆಂದೋ ಮೊಮೊಫುಕು ನೆಲೆಸಿದ್ದು ಜಪಾನಿನಲ್ಲಿ. ಆದರೆ ಜಪಾನೀಯರು ಅದನ್ನು ಹೋಬೆನ್ ಎಂದು ಕರೆಯುವುದಿಲ್ಲ. ತಿಂಡಿ ಜಪಾನಿನದು, ಹೆಸರು ಚೀನಾದ್ದು, ಹೆಸರಿನ ಬೇರು ಬೌದ್ಧ ಗ್ರಂಥದ್ದು.

ಚೀನೀ ಮತ್ತು ಜಪಾನೀ ಮೂಲದಲ್ಲಿ ಸಂಬಂಧವೇ ಇಲ್ಲದ ಭಾಷೆಗಳು. ಜಪಾನು ಎರವಲು ತಂದದ್ದು ಲಿಪಿಯನ್ನು, ಲಿಪಿಯ ಜೊತೆಗೆ ಸಾವಿರಾರು ಶಬ್ದಗಳನ್ನು. ಒಂದೊಂದು ಅಕ್ಷರವೂ ಉಚ್ಚಾರದ ಜೊತೆ ಅರ್ಥವನ್ನೂ ಹೊತ್ತಿರುವುದರಿಂದ ಮಾತು ಬಾರದವರೂ ಬರೆದು ಮಾತಾಡಬಹುದಿತ್ತು. 838ರಿಂದ 847ರವರೆಗೆ ಚೀನಾದಲ್ಲಿ ಅಲೆದ ಜಪಾನಿನ ಭಿಕ್ಷು ಎನ್ನಿನ್ ಎಷ್ಟೋ ಕಡೆ ಕುಂಚ ಹಿಡಿದೇ ಸಂಭಾಷಣೆ ನಡೆಸಿದ. ಕಾಗದದ ಮೇಲಿನ ಈ ಮಾತುಕತೆ ಸುಸೂತ್ರವಾಗಿ ನಡೆದದ್ದು ಇಬ್ಬರೂ ಒಂದೇ ಹಳೆಯ ಗ್ರಂಥಭಾಷೆಯಲ್ಲಿ ಬರೆಯುತ್ತಿದ್ದರು ಎಂಬ ಕಾರಣಕ್ಕೆ. ಎಡವುವುದು ಇವತ್ತಿನ ಅಡುಗೆಮನೆ, ಅಂಗಡಿ, ಕಚೇರಿಗಳ ಮಾತಿನಲ್ಲಿ.

ಇಂಥ ಎಡವಟ್ಟುಗಳ ಪಟ್ಟಿಗಳಿಗೆ ಬರವಿಲ್ಲ. ‘ಕೈ’ ಮತ್ತು ‘ಕಾಗದ’ ಎಂಬ ಎರಡು ಅಕ್ಷರ ಸೇರಿದರೆ ಜಪಾನಿನಲ್ಲಿ ‘ತೆಗಾಮಿ’, ಅಂದರೆ ಪತ್ರ. ಊರಿಂದ ಕಾಗದ ಬಂತು ಎನ್ನುವ ನಮಗೆ ಇದು ಸಹಜವೆನಿಸುತ್ತದೆ, ಚೀನೀಯನಿಗೆ ಮಾತ್ರ ಅದು ಶೌಚಾಲಯದ ಕಾಗದ. ‘ಮುಸುಮೆ’ ಎಂದು ಜಪಾನೀಯರು ಮಗಳನ್ನು ಕರೆಯುವ ಅಕ್ಷರವನ್ನು ಚೀನೀಯರು ‘ನಿಯಾಂಗ್’ ಎಂದು ಓದಿ ತಾಯಿ ಎಂದುಕೊಳ್ಳುತ್ತಾರೆ. ‘ಹಬೆ’ಗೆ ‘ಗಾಡಿ’ ಸೇರಿದರೆ ಜಪಾನಿನಲ್ಲಿ ಉಗಿಬಂಡಿ, ಚೀನಾದಲ್ಲಿ ಮೋಟಾರು ಕಾರು. ಚೀನೀಯಲ್ಲಿ ಒಲ್ಲದ ಮನಸ್ಸಿನಿಂದ ಮಾಡುವುದು ಎಂಬರ್ಥದ ‘ಮಿಯೆನ್‌ಚಿಯಾಂಗ್’ ಜಪಾನಿನಲ್ಲಿ ‘ಬೆಂಕ್ಯೋ’ ಆಗಿ ಮಕ್ಕಳ ಓದು ಎನಿಸಿಕೊಂಡಿದೆ. ಮಕ್ಕಳನ್ನು ಕೇಳಿದರೆ ಅರ್ಥ ಅಷ್ಟೇನೂ ಬದಲಾಗಿಲ್ಲ ಎಂದಾರು. ಅಂಗಡಿಯವನು ‘ಬೆಂಕ್ಯೋ’ ಮಾಡುತ್ತೇನೆ ಎಂದರೆ ಬೆಲೆ ಇಳಿಸುತ್ತೇನೆ ಎಂದು ಬೇರೆ.

ಪಟ್ಟಿಗಳು ನಗಿಸುತ್ತವೆ, ಆದರೆ ಒಂದು ಸಂಗತಿಯನ್ನು ಮುಚ್ಚಿಡುತ್ತವೆ. ಇಬ್ಬರ ನಡುವಿನ ಜಗಳದಂತೆ ಕಾಣುವ ಎಷ್ಟೋ ಕಡೆ ಮೂರನೆಯವರೊಬ್ಬರು ಇದ್ದಾರೆ. ಅವರು ಬೌದ್ಧ ಅನುವಾದಕರು. ಅವರನ್ನು ನಡುವೆ ತಂದು ಕೂರಿಸಿದರೆ ಅಸಂಬದ್ಧವೆನಿಸಿದ ಅರ್ಥಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ. ಈ ಸಾಲಿನ ಬುಡದಲ್ಲಿರುವ ಸಂಸ್ಕೃತ ಶಬ್ದ ಕನ್ನಡಿಗನ ನಿತ್ಯದ ಮಾತಿನಲ್ಲೂ ಇರುವುದರಿಂದ ಈ ಕಥೆಯ ಅರ್ಧ ಭಾಗ ಅವನಿಗೆ ಮೊದಲೇ ಗೊತ್ತು.

ಬೌದ್ಧ ಗ್ರಂಥಗಳನ್ನು ಚೀನೀಗೆ ತಂದವರಲ್ಲಿ ಮೊದಲ ದೊಡ್ಡ ಹೆಸರು ಪಾರ್ಥಿಯಾದ ಆನ್ ಶಿಗಾವೋ. ಅವನು 148ರಲ್ಲಿ ಲುವೊಯಾಂಗ್ ನಗರಕ್ಕೆ ಬಂದ. ಆ ಕಾಲದ ಅನುವಾದಗಳಲ್ಲಿ ‘ನಿರ್ವಾಣ’ಕ್ಕೆ ತಾವೋ ಪಂಥದ ‘ವೂವೇ’ಯನ್ನೇ ಬಳಸಿದ್ದುಂಟು. ಈ ಕೆಲಸಕ್ಕೆ ಹದ ತಂದವನು ಕುಮಾರಜೀವ. ಮಧ್ಯ ಏಷ್ಯಾದ ಕುಚಾ ರಾಜ್ಯದವನು, ತಂದೆ ಭಾರತದ ಕುಮಾರಾಯಣ, ತಾಯಿ ಅಲ್ಲಿನ ರಾಜನ ತಂಗಿ ಜೀವಾ. ಹೆಸರಿನಲ್ಲೇ ತಂದೆತಾಯಿ ಇಬ್ಬರೂ ಇದ್ದಾರೆ. ಸೆರೆಯಾಳಾಗಿ ವರ್ಷಗಟ್ಟಲೆ ಕಳೆದು 401ರಲ್ಲಿ ಚಾಂಗ್‌ಆನ್ ತಲುಪಿದ ಅವನು 406ರಲ್ಲಿ ಪುಂಡರೀಕ ಸೂತ್ರವನ್ನು ಅನುವಾದಿಸಿದ. ಇಂದಿಗೂ ಪೂರ್ವ ಏಷ್ಯಾದ ವಿಹಾರಗಳಲ್ಲಿ ಪಠಿಸುವುದು ಅದನ್ನೇ. ಇಷ್ಟು ಮಾಡಿದವನಿಗೂ ಅನುವಾದದ ಬಗ್ಗೆ ಭ್ರಮೆಯಿರಲಿಲ್ಲ. ಅಗಿದ ಅನ್ನವನ್ನು ಇನ್ನೊಬ್ಬರ ಬಾಯಿಗೆ ಇಟ್ಟಂತೆ, ರುಚಿ ಹೋಗುವುದಷ್ಟೇ ಅಲ್ಲ, ವಾಕರಿಕೆಯೂ ಬರುತ್ತದೆ ಎಂಬ ಅವನ ಮಾತು ಅವನ ಜೀವನಚರಿತ್ರೆಯಲ್ಲಿ ದಾಖಲಾಗಿದೆ.

ಅನುವಾದಿಸದೇ ಬಿಡುವುದಕ್ಕೂ ನಿಯಮ ಬೇಕಾಯಿತು. ನಿಯಮ ಮಾಡಿದವನೆಂದು ಹೆಸರಾದವನು ಕರ್ನಾಟಕದ ಶಾಲಾ ಮಕ್ಕಳಿಗೆಲ್ಲ ಗೊತ್ತಿರುವ ಹ್ಯೂಯೆನ್‌ತ್ಸಾಂಗ್. ಏಳನೆಯ ಶತಮಾನದಲ್ಲಿ ದಖ್ಖನ್ನಿಗೆ ಬಂದು ಚಾಲುಕ್ಯ ಇಮ್ಮಡಿ ಪುಲಕೇಶಿಯ ಬಗ್ಗೆ, ಹರ್ಷನಿಗೂ ಮಣಿಯದ ಅವನ ಬಲದ ಬಗ್ಗೆ ಬರೆದಿಟ್ಟ ಅದೇ ಯಾತ್ರಿಕ. 645ರಲ್ಲಿ ಸ್ವದೇಶಕ್ಕೆ ಮರಳಿ ಉಳಿದ ಆಯುಷ್ಯವನ್ನೆಲ್ಲ ಅನುವಾದಕ್ಕೆ ಸವೆಸಿದ. ಐದು ಬಗೆಯ ಶಬ್ದಗಳನ್ನು ಉಚ್ಚಾರದಲ್ಲೇ ಉಳಿಸಬೇಕು ಎಂಬ ಸೂತ್ರ ಅವನ ಹೆಸರಿನಲ್ಲಿ ಉಳಿದುಬಂದಿದೆ. ಗೂಢವಾದ ಧಾರಣಿಗಳು, ‘ಭಗವತ್’ನಂತೆ ಹಲವು ಅರ್ಥಗಳನ್ನು ಒಟ್ಟಿಗೆ ಹೊತ್ತವು, ಜಂಬೂ ಮರದಂತೆ ಚೀನಾದಲ್ಲಿ ಇಲ್ಲದ ವಸ್ತುಗಳು, ಹಿಂದಿನಿಂದಲೂ ಹಾಗೇ ಬಿಟ್ಟವು. ಐದನೆಯದು, ಅನುವಾದಿಸಿದರೆ ತೂಕ ಕಳೆದುಕೊಳ್ಳುವ ಶಬ್ದಗಳು. ಇದಕ್ಕೆ ಕೊಡುವ ಉದಾಹರಣೆ ‘ಪ್ರಜ್ಞಾ’. ಚೀನೀಯ ‘ಬುದ್ಧಿವಂತಿಕೆ’ ಅದರ ಮುಂದೆ ತೀರಾ ಹಗುರ, ಮೂಲ ಧ್ವನಿಯನ್ನೇ ಇಟ್ಟರೆ ಕೇಳಿದವರಲ್ಲಿ ಗೌರವ ಹುಟ್ಟುತ್ತದೆ ಎಂಬುದು ವಾದ.

ಇಷ್ಟೆಲ್ಲ ಜೋಪಾನ ಮಾಡಿದ ಶಬ್ದಕ್ಕೆ ಆದ ಗತಿ ನೋಡಬೇಕು. ಚೀನಾದಲ್ಲೇನೋ ಮರ್ಯಾದೆ ಉಳಿಯಿತು. ಆ ಎರಡು ಅಕ್ಷರಗಳಿಗೆ ಬೇರೆಡೆ ಇರುವ ಉಚ್ಚಾರ ಬಿಟ್ಟು ‘ಬೋರೆ’ ಎಂದು ವಿಶೇಷವಾಗಿ ಓದುತ್ತಾರೆ. ಜಪಾನಿನಲ್ಲಿ ಅದು ‘ಹನ್ನ್ಯ’. ಈ ಹೆಸರು ಕೇಳಿದ ಕೂಡಲೇ ಸಾಮಾನ್ಯ ಜಪಾನೀಯನ ಕಣ್ಣಿಗೆ ಕಟ್ಟುವುದು ಬೋಧಿಸತ್ವನಲ್ಲ, ಎರಡು ಕೊಂಬು, ಕೋರೆಹಲ್ಲು, ಕೆರಳಿದ ಕಣ್ಣಿನ ಹೆಂಗಸಿನ ಮುಖ. ಜಪಾನಿನ ಸಾಂಪ್ರದಾಯಿಕ ‘ನೋ’ ನಾಟಕದಲ್ಲಿ ಹೊಟ್ಟೆಕಿಚ್ಚಿನಿಂದ ದೆವ್ವವಾದ ಹೆಣ್ಣಿಗೆ ತೊಡಿಸುವ ಮುಖವಾಡವದು. ಹೆಸರು ಬಂದ ಬಗೆಗೆ ಎರಡು ಮಾತಿವೆ. ಮುಖವಾಡ ಕೆತ್ತಿದ ಭಿಕ್ಷುವಿನ ಹೆಸರೇ ಹನ್ನ್ಯಬೋ ಎಂಬುದು ಒಂದು. ‘ಆಓಯಿ ನೋ ಉಎ’ ನಾಟಕದಲ್ಲಿ ರೊಕುಜೋ ಎಂಬಾಕೆಯ ಮಾತ್ಸರ್ಯದ ಪ್ರೇತ ತಪಸ್ವಿಯ ಪಠಣದಲ್ಲಿನ ಹನ್ನ್ಯದ ಧ್ವನಿಗೆ ಬೆದರಿ ಶರಣಾಗುತ್ತದೆ, ಹಾಗಾಗಿ ಓಡಿಸಿದ ಮಂತ್ರದ ಹೆಸರು ಓಡಿಹೋದ ಪ್ರೇತಕ್ಕೆ ಅಂಟಿತು ಎಂಬುದು ಇನ್ನೊಂದು. ಎರಡನೆಯದು ಕಥೆಯಾಗಿ ಚೆನ್ನಾಗಿದೆ, ಮೊದಲನೆಯದು ಹೆಸರಿಗೆ ಸಾಕಾಗುವಷ್ಟಿದೆ.

ಅಲ್ಲಿಗೇ ಮುಗಿಯಲಿಲ್ಲ. ವಿಹಾರಗಳಲ್ಲಿ ಮದ್ಯ ನಿಷಿದ್ಧ. ಆದರೂ ಸಾಕೆ ಕುಡಿಯುವ ಭಿಕ್ಷುಗಳು ಅದಕ್ಕೆ ಇಟ್ಟ ಗುಟ್ಟಿನ ಹೆಸರು ‘ಹನ್ನ್ಯತೋ’, ಅಂದರೆ ಪ್ರಜ್ಞೆಯ ಕಷಾಯ. ಅತ್ತ ನಕ್ಕು ಸುಮ್ಮನಾಗುವ ಮೊದಲು ಕನ್ನಡವನ್ನೂ ಒಮ್ಮೆ ನೋಡಿಕೊಳ್ಳಬೇಕು. ಬಿಸಿಲಿಗೆ ತಲೆಸುತ್ತಿ ಬಿದ್ದವನಿಗೆ ನಾವು ‘ಪ್ರಜ್ಞೆ ತಪ್ಪಿತು’ ಎನ್ನುತ್ತೇವೆ, ಮುಖಕ್ಕೆ ನೀರು ಎರಚಿ ಪ್ರಜ್ಞೆ ಬರಿಸುತ್ತೇವೆ.

ಅರ್ಥ ಪೂರ್ತಿ ತಿರುಗಿಬಿದ್ದ ಶಬ್ದವೊಂದಿದೆ. ಬೌದ್ಧ ಗ್ರಂಥಗಳ ‘ವಿಕಲ್ಪ’ ಚೀನೀ ಬರಹದಲ್ಲಿ ‘ಭಾಗ ಮಾಡು’ ಮತ್ತು ‘ಬೇರೆ’ ಎಂಬ ಎರಡು ಅಕ್ಷರ. ನಾನು-ನೀನು, ಬೇಕು-ಬೇಡ ಎಂದು ಮನಸ್ಸು ಇರುವುದನ್ನೆಲ್ಲ ಸೀಳುತ್ತ ಹೋಗುವ ಚಾಳಿಯದು, ಸಾಧಕ ಬಿಡಬೇಕಾದದ್ದು. ಅದನ್ನು ದಾಟಿದ ಅರಿವೇ ನಿರ್ವಿಕಲ್ಪ ಜ್ಞಾನ. ಅದೇ ಎರಡು ಅಕ್ಷರ ಇಂದಿನ ಚೀನೀಯಲ್ಲಿ ‘ಫೆನ್‌ಬಿಯೆ’ ಆಗಿ, ನಿಲ್ದಾಣದಲ್ಲಿ ಕೈಬೀಸಿ ಅಗಲುವುದಕ್ಕೆ ಸಲ್ಲುತ್ತದೆ. ಜಪಾನಿನಲ್ಲಿ ‘ಫುನ್‌ಬೆತ್ಸು’ ಎಂದರೆ ವಿವೇಕ, ಹಿರಿಯರಿಗೆ ಇರಬೇಕಾದ ಗುಣ. ಹಾಗಾದರೆ ಅದಿಲ್ಲದ ‘ಮುಫುನ್‌ಬೆತ್ಸು’? ವಿಹಾರದ ಒಳಗೆ ಅದು ಪರಮ ಜ್ಞಾನ. ಹೊರಗೆ ಬಂದರೆ ಹಿಂದುಮುಂದು ನೋಡದ ದುಡುಕು.

ಇದೇ ಅಕ್ಷರಗಳಿಗೆ ಜಪಾನಿನಲ್ಲಿ ಇನ್ನೊಂದು ಓದೂ ಇದೆ, ‘ಬುನ್‌ಬೆತ್ಸು’. ಅದು ಕಸ ವಿಂಗಡಣೆ. ಸುಡುವ ಕಸ, ಸುಡದ ಕಸ, ಬಾಟಲಿ, ಡಬ್ಬಿ ಎಂದು ಬೇರೆಬೇರೆ ದಿನ ಇಡಬೇಕು, ತಪ್ಪಿದರೆ ಚೀಲವನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಬುದ್ಧ ಬಿಡು ಎಂದದ್ದನ್ನೇ ನಗರಸಭೆ ಕಡ್ಡಾಯ ಮಾಡಿದೆ. ಒಂದೇ ಬರಹಕ್ಕೆ ಎರಡು ಓದು ಬಂದದ್ದು ಚೀನೀ ಶಬ್ದಗಳು ಜಪಾನಿಗೆ ಅಲೆಅಲೆಯಾಗಿ ಬಂದುದರಿಂದ. ಮೊದಲ ಅಲೆ ದಕ್ಷಿಣ ಚೀನಾದ ಉಚ್ಚಾರವನ್ನು ತಂದಿತು, ಅದನ್ನು ‘ಗೋ ಓದು’ ಎನ್ನುತ್ತಾರೆ. ಮುಂದೆ ಟಾಂಗ್ ಅರಸರ ಕಾಲದಲ್ಲಿ ಚಾಂಗ್‌ಆನ್‌ಗೆ ಹೋದ ರಾಯಭಾರಿಗಳು, ವಿದ್ಯಾರ್ಥಿಗಳು ‘ಕಾನ್ ಓದು’ ತಂದರು. ಆಸ್ಥಾನದವರು ಹೊಸದಕ್ಕೆ ಹೊಂದಿಕೊಂಡರೂ ಭಿಕ್ಷುಗಳು ಹಳೆಯದನ್ನು ಬಿಡಲಿಲ್ಲ. ಹಾಗಾಗಿ ಓದಿನ ಧ್ವನಿಯೇ ಎಷ್ಟೋ ಸಲ ಅರ್ಥದ ಗುಟ್ಟು ಬಿಟ್ಟುಕೊಡುತ್ತದೆ. ‘ಲಾಭ’ ಎಂಬ ಬರಹವನ್ನು ‘ರಿಯಾಕು’ ಎಂದು ಓದಿದರೆ ದೇವರ ಕೃಪೆ, ‘ರಿಯೆಕಿ’ ಎಂದು ಓದಿದರೆ ಕಂಪನಿಯ ಲೆಕ್ಕಪತ್ರದಲ್ಲಿ ಬರುವ ಲಾಭ.

ಹೊರಗಿನವರು ಜಪಾನೀಯರ ಸ್ವಭಾವ ಬಣ್ಣಿಸುವಾಗ ‘ಗಮನ್’ ಎಂಬ ಶಬ್ದ ತಪ್ಪದೆ ಬರುತ್ತದೆ (ನಮ್ಮ ‘ಗಮನ’ಕ್ಕೂ ಇದಕ್ಕೂ ನಂಟಿಲ್ಲ). ಹಲ್ಲುಕಚ್ಚಿ ಸಹಿಸುವ ಗುಣವದು. 2011ರ ಸುನಾಮಿಯ ನಂತರ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಹೊಗಳಿ ಬರೆದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಂಧನ ಶಿಬಿರಗಳಲ್ಲಿದ್ದ ಜಪಾನೀ ಮೂಲದವರೂ ತಮ್ಮ ಬಾಳನ್ನು ನೆನೆಯುವಾಗ ಇದೇ ಶಬ್ದ ಬಳಸಿದ್ದಾರೆ. ಬರೆದರೆ ಅದು ‘ನಾನು’ ಮತ್ತು ‘ಮಾನ’, ಸಂಸ್ಕೃತದ ಅಸ್ಮಿಮಾನ. ನಾನೆಂಬ ಸೊಕ್ಕು, ಬೌದ್ಧರ ಲೆಕ್ಕದಲ್ಲಿ ಕಳಚಬೇಕಾದ ಕ್ಲೇಶ. ಸೊಕ್ಕಿನಿಂದ ಹಟ, ಹಟದಿಂದ ಮಣಿಯದ ನಿಲುವು, ಅಲ್ಲಿಂದ ಸಹನೆ. ಒಂದೊಂದೇ ಹೆಜ್ಜೆ ನೋಡಿದರೆ ಯಾವುದೂ ಅಸಹಜವಲ್ಲ, ಹೊರಟಲ್ಲಿ ಮತ್ತು ತಲುಪಿದಲ್ಲಿ ಮಾತ್ರ ನೋಡಿದರೆ ದೋಷವೇ ಗುಣವಾಗಿದೆ. ಚೀನೀಯಲ್ಲಿ ‘ವೋಮಾನ್’ ಈಗಲೂ ಶಾಸ್ತ್ರಗ್ರಂಥದ ದೋಷವಾಗಿಯೇ ಇದೆ.

ಗುಣ ಹೋಗಿ ದೋಷವಾದದ್ದೂ ಉಂಟು. ಕಲಿಯಲು ಇನ್ನೇನೂ ಉಳಿಯದ ಅರ್ಹಂತನನ್ನು ‘ಅಶೈಕ್ಷ’ ಎನ್ನುತ್ತಾರೆ. ಅನುವಾದಕರು ಅದನ್ನು ‘ಇಲ್ಲ’ ಮತ್ತು ‘ಕಲಿಕೆ’ ಎಂಬ ಅಕ್ಷರಗಳಲ್ಲಿ ಬರೆದರು. ಜಪಾನೀಯಲ್ಲಿ ಅದು ‘ಮುಗಾಕು’, ಇಂದಿನ ಮಾತಿನಲ್ಲಿ ಓದುಬರಹ ಇಲ್ಲದವನು. 1282ರಲ್ಲಿ ಕಾಮಾಕುರದ ಎಂಗಾಕುಜಿ ವಿಹಾರವನ್ನು ಸ್ಥಾಪಿಸಿದ ಮಹಾ ಗುರು ಚೀನಾದಿಂದ ಬಂದ ಮುಗಾಕು ಸೊಗೆನ್. ಬೌದ್ಧ ಪರಿಭಾಷೆ ಅರಿಯದವರು ಆ ಹೆಸರು ಓದಿದರೆ ಅನಕ್ಷರಸ್ಥನೊಬ್ಬ ಮಠಾಧಿಪತಿಯಾಗಿದ್ದಾನೆ.

ಟೋಕಿಯೊದ ಬೀದಿಯಲ್ಲಿ ಸಂಸ್ಕೃತ ಇನ್ನೂ ಕೆಳಗಿಳಿದಿದೆ. ಸುಷಿ ಅಂಗಡಿಯಲ್ಲಿ ಅನ್ನಕ್ಕೆ ‘ಶಾರಿ’ ಎನ್ನುತ್ತಾರೆ. ಅದು ‘ಶರೀರ’, ಬುದ್ಧನ ಅಸ್ಥಿಧಾತುಗಳಿಗೆ ಬಳಸುವ ಮಾತು, ಬಿಳಿಯ ಕಾಳುಗಳ ಹೋಲಿಕೆಯಿಂದ ಬಂದದ್ದೆಂಬ ವಿವರಣೆ ಹಳೆಯದು. ಹೂಕುಂಡಕ್ಕೂ ಬಟ್ಟಲಿಗೂ ಇರುವ ‘ಹಾಚಿ’ ಭಿಕ್ಷಾಪಾತ್ರೆಯ ‘ಪಾತ್ರ’, ನಮ್ಮ ಅಡುಗೆಮನೆಯ ಪಾತ್ರೆಯ ದಾಯಾದಿ. ಕಾಬುಕಿ ರಂಗಮಂದಿರದಲ್ಲಿ ವೇದಿಕೆಯ ಅಡಿಯಿರುವ, ತಿರುಗುವ ರಂಗದ ಯಂತ್ರಗಳ ನೆಲಮಾಳಿಗೆ ‘ನರಾಕು’, ಅಂದರೆ ನರಕ. ಗಂಡನನ್ನೂ ಯಜಮಾನನನ್ನೂ ಕರೆಯುವ ‘ದಾನ್ನಾ’ ಮೂಲದಲ್ಲಿ ‘ದಾನ’. ವಿಹಾರಕ್ಕೆ ಕೊಡುವವನು ಮೊದಲು ಪೋಷಕನಾಗಿ, ಆಮೇಲೆ ಧಣಿಯಾಗಿ, ಕೊನೆಗೆ ಮನೆಯೊಡೆಯನಾದ. ಎಲ್ಲಕ್ಕಿಂತ ಖಾರವಾದದ್ದು ‘ಶಾಬಾ’. ಈ ದುಃಖದ ಜಗತ್ತನ್ನು ಬೌದ್ಧರು ಸಹಾ ಲೋಕ ಎಂದರು, ಸಹಿಸಬೇಕಾದ ಲೋಕ. ಜಪಾನಿನ ಸೆರೆಮನೆಗಳಲ್ಲಿ ಕೈದಿಗಳು ಗೋಡೆಯಾಚೆಗಿನ ಜಗತ್ತನ್ನು ಶಾಬಾ ಎನ್ನುತ್ತಾರೆ. ಬಿಡುಗಡೆಯಾದವನು ಹೊರಬಂದು ಉಸಿರೆಳೆಯುವುದು ಶಾಬಾದ ಗಾಳಿಯನ್ನು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಶಬ್ದಗಳ ಪಯಣ ದಿಕ್ಕು ಬದಲಿಸಿತು. ಮೆಯಿಜಿ ಕಾಲದ ಜಪಾನು ಯುರೋಪಿನ ಪುಸ್ತಕಗಳನ್ನು ಅವಸರದಲ್ಲಿ ಅನುವಾದಿಸುತ್ತಿತ್ತು. ಹೊಸ ಶಬ್ದ ಬೇಕಾದಾಗ ಪಂಡಿತರು ಹಳೆಯ ಚೀನೀ ಗ್ರಂಥಗಳಿಗೆ, ಬೌದ್ಧ ಸೂತ್ರಗಳಿಗೆ ಕೈಹಾಕಿದರು. ಆರನೆಯ ಅರಿವಾದ ಮನೋವಿಜ್ಞಾನಕ್ಕೆ ಇದ್ದ ‘ಇಶಿಕಿ’ ಮನಶ್ಶಾಸ್ತ್ರದ ಪ್ರಜ್ಞೆಯಾಯಿತು. ಝೆನ್ ಗುರುಗಳು ಯಾವುದಕ್ಕೂ ಕಟ್ಟುಬೀಳದ ಮನಸ್ಸನ್ನು ಹೇಳಲು ಬಳಸುತ್ತಿದ್ದ, ಆಡಳಿತದ ಬರಹಗಳಲ್ಲಿ ಸ್ವೇಚ್ಛಾಚಾರವನ್ನು ಬೈಯಲೂ ಒದಗುತ್ತಿದ್ದ ‘ಜಿಯೂ’ ರಾಜಕೀಯ ಸ್ವಾತಂತ್ರ್ಯವಾಯಿತು. 1872ರಲ್ಲಿ ನಾಕಾಮುರಾ ಮಾಸಾನಾವೊ ಜಾನ್ ಸ್ಟುವರ್ಟ್ ಮಿಲ್‌ನ ಸ್ವಾತಂತ್ರ್ಯ ಪ್ರಬಂಧವನ್ನು ಅನುವಾದಿಸುವಾಗ ಈ ಶಬ್ದವನ್ನೇ ಶೀರ್ಷಿಕೆಗೆ ತಂದ. ಚೀನಾದಲ್ಲಿ ಅದೇ ಕೃತಿಯನ್ನು 1903ರಲ್ಲಿ ಪ್ರಕಟಿಸಿದ ಯೆನ್ ಫೂ ಶೀರ್ಷಿಕೆಯಲ್ಲಿ ಆ ಶಬ್ದ ಬಿಟ್ಟು, ಗುಂಪು ಮತ್ತು ವ್ಯಕ್ತಿಯ ಅಧಿಕಾರಗಳ ನಡುವಿನ ಗಡಿ ಎಂದು ಬರೆದ. ಯಾರ ಹಕ್ಕು ಎಲ್ಲಿಗೆ ಮುಗಿಯುತ್ತದೆ ಎಂಬುದು ಅವನಿಗೆ ಮುಖ್ಯವಾಗಿತ್ತು.

ಸಮಾನತೆಯ ಕಥೆಯೂ ಹೀಗೇ. ಬೌದ್ಧರ ‘ಸಮತಾ’ಕ್ಕೆ ಚೀನೀಯರು ಕೊಟ್ಟ ರೂಪವನ್ನು ಜಪಾನೀಯರು ‘ಬ್ಯೋದೋ’ ಎಂದು ಓದುತ್ತಾರೆ. ಕ್ಯೋಟೋ ಬಳಿಯ ಉಜಿಯಲ್ಲಿ 1052ರಲ್ಲಿ ವಿಹಾರವಾದ ಬ್ಯೋದೋಇನ್ ಅದೇ ಹೆಸರಿನದು. ಅದರ ಫೀನಿಕ್ಸ್ ಮಂದಿರ ಹತ್ತು ಯೆನ್ ನಾಣ್ಯದ ಮೇಲಿದೆ. ಅದನ್ನು ಕಟ್ಟಿಸಿದ ಫುಜಿವಾರಾ ನೊ ಯೊರಿಮಿಚಿ ದೇಶದ ಅತಿ ಬಲಾಢ್ಯ ಮನೆತನದ ಯಜಮಾನ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಇಂದಿನ ಅರ್ಥದ ಸುಳಿವೂ ಅವನ ತಲೆಯಲ್ಲಿ ಇರಲಾರದು. ಆ ಅರ್ಥವೂ ಅವೇ ಅಕ್ಷರಗಳಲ್ಲಿ ಈಗ ಜಪಾನೀ ಸಂವಿಧಾನದಲ್ಲಿದೆ. 1895ರಲ್ಲಿ ಜಪಾನಿನೆದುರು ಸೋತ ಮೇಲೆ ಚೀನಾ ಅಲ್ಲಿಗೇ ವಿದ್ಯಾರ್ಥಿಗಳನ್ನು ಕಳಿಸತೊಡಗಿತು. 1896ರ ಮೊದಲ ತಂಡದಲ್ಲಿ 13 ಮಂದಿ, ಹತ್ತು ವರ್ಷ ಕಳೆಯುವುದರೊಳಗೆ ಸಾವಿರಾರು. ಅವರು ಹಿಂತಿರುಗಿದಾಗ ಚೀನೀ ಅಕ್ಷರಗಳೇ ಹೊಸ ಅರ್ಥ ಹೊತ್ತು ತವರಿಗೆ ಬಂದವು.

‘ಬೋಧಿ’ಯ ಪಾಡು ಈ ಎರಡು ದೇಶಗಳ ಇಪ್ಪತ್ತನೆಯ ಶತಮಾನವನ್ನೇ ಹೇಳುತ್ತದೆ. ಎಚ್ಚರಗೊಳ್ಳುವುದು ಎಂಬರ್ಥದ ಎರಡು ಅಕ್ಷರ ಜಪಾನಿನಲ್ಲಿ ‘ಕಾಕುಗೊ’. ಬರುವುದು ಬರಲಿ, ಸಾವೇ ಬಂದರೂ ಸರಿ ಎಂದು ಮನಸ್ಸು ಗಟ್ಟಿಮಾಡಿಕೊಳ್ಳುವುದು. ಚೀನೀಯಲ್ಲಿ ‘ಜುಯೆವೂ’. 1919ರಲ್ಲಿ ತಿಯೆನ್‌ಜಿನ್‌ನಲ್ಲಿ ಯುವ ಝೌ ಎನ್‌ಲಾಯ್ ಮತ್ತು ಗೆಳೆಯರು ಕಟ್ಟಿದ ಸಂಘದ ಹೆಸರು ಇದೇ. ಮುಂದೆ ಕಮ್ಯುನಿಸ್ಟ್ ಚೀನಾದಲ್ಲಿ ಅದು ಪಕ್ಷದ ಕಾರ್ಯಕರ್ತನಿಗೆ ಇರಬೇಕಾದ ರಾಜಕೀಯ ಜಾಗೃತಿಯಾಯಿತು. ಬೋಧಿವೃಕ್ಷದ ಕೆಳಗಿನ ಶಬ್ದ ಒಂದೆಡೆ ಯೋಧನ ಬಾಯಿಗೂ ಇನ್ನೊಂದೆಡೆ ಪಕ್ಷದ ಸಭೆಯ ಭಾಷಣಕ್ಕೂ ಹೋಯಿತು.

ಅಕ್ಷರವನ್ನೇ ಬೇಕೆಂದು ಬದಲಿಸಿದ್ದೂ ಉಂಟು. ಒಕಿನಾವಾ ದ್ವೀಪದ ಕಾಳಗದ ಕಲೆ ಕರಾಟೆಯನ್ನು ಮೊದಲು ‘ಟಾಂಗ್’ ಮತ್ತು ‘ಕೈ’ ಎಂದು ಬರೆಯುತ್ತಿದ್ದರು, ಅಂದರೆ ಚೀನೀ ಕೈವರಸೆ. ಚೀನಾದ ಮೇಲೆ ಜಪಾನು ಕತ್ತಿ ಮಸೆಯುತ್ತಿದ್ದ 1930ರ ದಶಕದಲ್ಲಿ ಆ ಹೆಸರು ಹಿತವೆನಿಸಲಿಲ್ಲ. ‘ಕರ’ ಎಂದೇ ಓದಬಹುದಾದ ಇನ್ನೊಂದು ಅಕ್ಷರವಿತ್ತು, ‘ಬರಿದು’. ಬೌದ್ಧರು ‘ಶೂನ್ಯತೆ’ಗೆ ಬಳಸಿದ್ದೂ ಅದನ್ನೇ. ಕಲೆಯನ್ನು ಟೋಕಿಯೊಗೆ ತಂದ ಫುನಾಕೋಷಿ ಗಿಚಿನ್ ಈ ಬದಲಾವಣೆಗೆ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಶೂನ್ಯತೆಯನ್ನೇ ಆಧಾರ ಕೊಟ್ಟ. 1936ರ ಅಕ್ಟೋಬರಿನಲ್ಲಿ ನಾಹಾ ನಗರದಲ್ಲಿ ಸೇರಿದ ಗುರುಗಳು ಹೊಸ ಬರಹಕ್ಕೆ ಒಪ್ಪಿದರು. ಉಚ್ಚಾರ ಒಂದಿಷ್ಟೂ ಕದಲಲಿಲ್ಲ. ಹೊಸ ಅಕ್ಷರಗಳನ್ನು ಚೀನೀಯರು ‘ಕೊಂಗ್‌ಶೋ’ ಎಂದು ಓದುತ್ತಾರೆ. ಆಯುಧವಿಲ್ಲದ ಕೈ ಎಂಬುದು ಅವರಿಗೂ ತಿಳಿಯುತ್ತದೆ. ಆದರೆ ದಿನದ ಮಾತಿನಲ್ಲಿ ಆ ಶಬ್ದ ಹೆಚ್ಚು ಕೇಳಿಬರುವುದು ನೆಂಟರ ಮನೆಗೆ ಹಣ್ಣುಹಂಪಲು ಏನೂ ಒಯ್ಯದೆ, ಬರಿಗೈ ಬೀಸಿಕೊಂಡು ಹೋದವರ ಬಗ್ಗೆ.